ಖಾಸಗಿ ಮಾಹಿತಿ: ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ: ನಾನು ಹೇಳಿದ್ದೇ ಸರಿ, ಅಣ್ಣ ಹೇಳಿದ್ದು ತಪ್ಪು. ನಮ್ಮ ಮನೆಯ ಮಟ್ಟಿಗೆ ಇದೇನೂ ಹೊಸ ಸುದ್ದಿಯಲ್ಲ. ಆದರೆ ಈ ಸಲ ಅದನ್ನು ಸಾಬೀತು ಮಾಡುವಷ್ಟರಲ್ಲಿ ನನ್ನ ಕೈಯಿಂದ ಹೋದದ್ದು ಸ್ವಲ್ಪ ಜಾಸ್ತಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೂಟಿನ ಕಾರ್ಖಾನೆ. ಕಾರ್ಖಾನೆ ಅಂದ ಕೂಡಲೇ ದೊಡ್ಡ ಚಿಮಣಿ ಊಹಿಸಿಕೊಳ್ಳಬೇಡಿ. ಕೆಳಗೆ ಉದ್ದನೆಯ ಒಂದೇ ಕೋಣೆ, ಅದರಲ್ಲಿ ಹನ್ನೊಂದು ಜನ, ಆರು ಹೊಲಿಗೆ ಯಂತ್ರ, ಅಟ್ಟೆ ಉಜ್ಜುವ ಒಂದು ಯಂತ್ರ. ಮರದ ಮೆಟ್ಟಿಲು ಹತ್ತಿದರೆ ಮೇಲೆ ಆಫೀಸು, ಅಲ್ಲಿ ನಾನು ಮತ್ತು ಅಣ್ಣ. ಅಂಗಡಿಯ ಬೂಟು ಯಾರ ಕಾಲಿಗೆ ಆಗುವುದಿಲ್ಲವೋ ಅವರಿಗಷ್ಟೇ ನಾವು ಬೂಟು ಮಾಡುವುದು. ಒಂದು ಕಾಲು ಗಿಡ್ಡವಾದವರು, ಬೆರಳು ಕಳೆದುಕೊಂಡವರು, ಪಾದ ಒಳಗೆ ತಿರುಗಿದವರು, ಸಕ್ಕರೆ ಕಾಯಿಲೆಯಿಂದ ಹುಣ್ಣಾದವರು. ನಮ್ಮ ಬೂಟು ಚೆನ್ನಾಗಿದೆ ಎಂದು ಇಲ್ಲಿಯವರೆಗೆ ಯಾರೂ ಹೊಗಳಿಲ್ಲ. ಹೊಗಳಬೇಕಾದರೆ ಮೊದಲು ಅದು ಕಣ್ಣಿಗೆ ಬೀಳಬೇಕಲ್ಲ, ಬೀಳದ ಹಾಗೆ ಮಾಡುವುದೇ ನಮ್ಮ ಕೆಲಸ.

ಅಪ್ಪ ಈ ಕೆಲಸದ ಜೊತೆ ಒಂದು ಪದ್ಧತಿಯನ್ನೂ ಶುರು ಮಾಡಿದ್ದ. ಗಿರಾಕಿಯ ಹೆಸರನ್ನು ಕಾರ್ಡಿನ ಮೇಲೆ ಬರೆಯುತ್ತಿರಲಿಲ್ಲ. ಪಕ್ಕದಲ್ಲಿ ಕಾಯುತ್ತ ಕೂತ ಇನ್ನೊಬ್ಬರು ಕತ್ತು ಉದ್ದ ಮಾಡಿ ಓದಿಬಿಟ್ಟರೆ ಎಂದು ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು ಇಡುತ್ತಿದ್ದ. ‘ಹೊಗೆಬಂಡಿ’, ‘ಎರಡನೇ ಮೇಷ್ಟ್ರು’, ‘ಕ್ಷಮಿಸಿ ಅಮ್ಮ’, ಹೀಗೆ. ಇವು ನಾನು ಈಗ ಕಟ್ಟಿ ಹೇಳಿದವು. ನಿಜವಾದವನ್ನು ನಿಮಗೇಕೆ ಹೇಳಲಿ? ಅಡ್ಡಹೆಸರಿನ ಕೆಳಗೆ ಅಳತೆ, ಅದರ ಕೆಳಗೆ ಆ ಮನುಷ್ಯನ ನಡಿಗೆಯ ಬಗ್ಗೆ ಎರಡು ಸಾಲು. ಚೀಲ ಯಾವ ಕೈಯಲ್ಲಿ ಹಿಡಿಯುತ್ತಾರೆ, ಯಾರೆದುರು ಕುಂಟುತ್ತಾರೆ, ಯಾರೆದುರು ಕುಂಟುವುದಿಲ್ಲ, ಎಲ್ಲ. ಅದು ಗೊತ್ತಿಲ್ಲದೆ ಬೂಟು ಮಾಡಲು ಬರುವುದಿಲ್ಲ ಎನ್ನುತ್ತಿದ್ದ. ಯಾವ ಅಡ್ಡಹೆಸರು ಯಾರದು ಎನ್ನುವುದು ಮಾತ್ರ ಎಲ್ಲೂ ಬರೆದಿಲ್ಲ. ನಾನು, ಅಣ್ಣ, ಮತ್ತು ಕೆಳಗೆ ನಲವತ್ತು ವರ್ಷದಿಂದ ಚರ್ಮ ಕತ್ತರಿಸುತ್ತಿರುವ ನಮ್ಮ ಸೋದರಮಾವ, ಈ ಮೂವರ ತಲೆಯಲ್ಲಿದೆ. ಅಪ್ಪ ಹೋದ ಮೇಲೂ ನಾವು ಅದೇ ಪದ್ಧತಿ ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ನಾನೇ ಕೂತು ಸಾವಿರದ ಎಂಟುನೂರ ಮೂವತ್ತಾರು ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿದೆ.

ಈ ವರ್ಷ ಒಂದು ದೊಡ್ಡ ಆಸ್ಪತ್ರೆಯವರು ತಮ್ಮ ರೋಗಿಗಳನ್ನೆಲ್ಲ ನಮ್ಮಲ್ಲಿಗೆ ಕಳಿಸುವ ಮಾತಾಡಿದರು. ಆ ಕೆಲಸ ಸಿಕ್ಕರೆ ಹನ್ನೊಂದು ಜನರೂ ಇರುತ್ತಾರೆ, ಸಿಗದಿದ್ದರೆ ವರ್ಷದ ಕೊನೆಗೆ ಆರು ಜನರನ್ನು ಮನೆಗೆ ಕಳಿಸಬೇಕು. ಅಷ್ಟು ಖಡಾಖಂಡಿತ. ಆಸ್ಪತ್ರೆಯವರ ಷರತ್ತು ಒಂದೇ: ಅವರ ವೈದ್ಯರೂ ನೋಡುವ ಹಾಗೆ ನಮ್ಮ ಕಾರ್ಡುಗಳು ಕ್ಲೌಡಿಗೆ ಹೋಗಬೇಕು, ಅದಕ್ಕೊಂದು ಭದ್ರತಾ ಸಾಫ್ಟ್‌ವೇರ್ ಇರಬೇಕು. ಅವರು ಒಪ್ಪಿದ ಮೂರರಲ್ಲಿ ಒಂದನ್ನು ಆರಿಸಿ, ಅದರಿಂದ ತಪಾಸಣಾ ವರದಿ ತೆಗೆದು ಶುಕ್ರವಾರ ಕೊಡಬೇಕು.

“ಕ್ಲೌಡ್ ಅಂದ್ರೆ ಮೋಡ ಅಲ್ವಾ?” ಅಂದರು ಮಾವ.

“ಬೇರೆಯವರ ಕಂಪ್ಯೂಟರ್ ಮಾವ. ನಮ್ಮ ಕಾರ್ಡು ಅಲ್ಲಿರುತ್ತೆ.”

“ಹಾಗಾದ್ರೆ ಬೇರೆಯವರ ಕಂಪ್ಯೂಟರ್ ಅಂತಲೇ ಅನ್ನಬಹುದಿತ್ತು. ಹಾಗಂದ್ರೆ ಯಾರೂ ಒಪ್ಪಲ್ಲ ಅಂತ ಮೋಡ ಅಂದಿದಾರೆ.” ಮಾವ ಓದಿದ್ದು ಐದನೇ ಕ್ಲಾಸು. ನಾನು ಆ ವಾರ ಓದಿದ ಮುನ್ನೂರು ಪುಟಗಳಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಸೋಮವಾರ ನಾನು ಚರ್ಮದ ಮಂಡಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಕೆಲಸ ಮುಗಿಸಿಬಿಟ್ಟಿದ್ದ. ಮೊದಲನೇ ಸಾಫ್ಟ್‌ವೇರಿನ ಮಾರಾಟಗಾರ ಬಂದು ನಮ್ಮ ಕಂಪ್ಯೂಟರಿನಲ್ಲೇ ಅದನ್ನು ಓಡಿಸಿ ತೋರಿಸಿದ್ದ. ಅವನ ಅಂಗಿಯ ಮಡಿಕೆಯಿಂದ ತರಕಾರಿ ಹೆಚ್ಚಬಹುದಿತ್ತು, ಆದ್ದರಿಂದ ನಮ್ಮ ಮನೆ ಪದ್ಧತಿಯಂತೆ ಅವನು ನನಗೆ ‘ಇಸ್ತ್ರಿ’ಯಾದ. ಅಣ್ಣನ ಮುಖ ಊರಗಲವಾಗಿತ್ತು.

“ನೋಡಿಲ್ಲಿ, ಒಂದು ಗಂಟೆ! ನಿನ್ನ ಕೈಗೆ ಕೊಟ್ಟಿದ್ರೆ ಒಂದು ತಿಂಗಳು ಎಳೀತಿದ್ದೆ,” ಎಂದು ಕಾಗದ ಚಾಚಿದ.

ಕಾಗದದಲ್ಲಿ ಹೀಗಿತ್ತು. ಪರೀಕ್ಷಿಸಿದ ದಾಖಲೆಗಳು: 1,836. ಪತ್ತೆಯಾದ ಖಾಸಗಿ ಮಾಹಿತಿ: 0. ಅಪಾಯ: ಇಲ್ಲ. ಕೆಳಗೆ ಹಸಿರು ಬಣ್ಣದ ದೊಡ್ಡದೊಂದು ಸರಿ ಗುರುತು.

“ಸೊನ್ನೆ ಅಂದ್ರೆ?”

“ಅಂದ್ರೆ ನಮ್ಮಲ್ಲಿ ಕದಿಯೋಕೆ ಏನೂ ಇಲ್ಲ ಅಂತ. ಎಲ್ಲಾ ಅಪ್ಪನ ಬುದ್ಧಿವಂತಿಕೆ. ಹೆಸರೇ ಬರೀಲಿಲ್ಲವಲ್ಲ ಪುಣ್ಯಾತ್ಮ!”

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೂ ಹೆಮ್ಮೆಯಾಯಿತು. ಆಮೇಲೆ ಇಸ್ತ್ರಿಯ ಕಡೆ ತಿರುಗಿದೆ. “ಸೊನ್ನೆ ಬಂದ ದಾಖಲೆಗಳನ್ನ ನಿಮ್ಮ ಸಾಫ್ಟ್‌ವೇರ್ ಏನ್ ಮಾಡುತ್ತೆ?”

“ಸಾಮಾನ್ಯ ಕಡತ ಅಂತ ಇಡುತ್ತೆ ಮೇಡಂ. ಪಾಸ್‌ವರ್ಡ್ ಕಿರಿಕಿರಿ ಇಲ್ಲ, ಲಿಂಕ್ ಇದ್ದವರು ಆರಾಮಾಗಿ ನೋಡಬಹುದು.”

“ಯಾರು ನೋಡಿದ್ರು ಅನ್ನೋದು ನಮಗೆ ಗೊತ್ತಾಗುತ್ತಾ?”

“ಖಾಸಗಿ ಅಲ್ಲದ್ದನ್ನ ಯಾರು ನೋಡಿದ್ರೇನು ಮೇಡಂ?” ಎಂದು ನಕ್ಕ. ಹಲ್ಲಿಗೂ ಇಸ್ತ್ರಿ ಹಾಕಿಸಿದ್ದ ಅಂತ ಕಾಣುತ್ತದೆ.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವತ್ತು ನುಂಗಿಕೊಂಡೆ. ಮೂರನ್ನೂ ಹೋಲಿಸಿ ನೋಡದೆ ಒಂದಕ್ಕೂ ಸಹಿ ಹಾಕಬಾರದು ಎಂದು ಅಣ್ಣನ ಹತ್ತಿರ ಪಟ್ಟು ಹಿಡಿದೆ. “ಶುಕ್ರವಾರ ಹನ್ನೊಂದಕ್ಕೆ ಅವರು ಬರ್ತಾರೆ. ಇದೇ ಕೆಲಸಕ್ಕೆ ಆಚೆ ಬೀದಿ ಕಾರ್ಖಾನೆಯವರು ಆಗಲೇ ವರದಿ ಕೊಟ್ಟಾಗಿದೆಯಂತೆ, ಅವರದ್ದೂ ಸೊನ್ನೆ,” ಎಂದು ಅಣ್ಣ ಗೊಣಗಿದ. ಗೊಣಗುತ್ತಲೇ ಒಪ್ಪಿದ. ಅವನು ನನ್ನ ಜೊತೆ ಐವತ್ತು ವರ್ಷದಿಂದ ಇದ್ದಾನೆ, ಒಪ್ಪದಿದ್ದರೆ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತು.

ಹೋಲಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಮೂರು ಕಂಪನಿಯವರೂ ತಾವೇ ಒಂದೊಂದು ಹೋಲಿಕೆಯ ಕೋಷ್ಟಕ ಮಾಡಿದ್ದರು. ಮೂರು ಕೋಷ್ಟಕ, ಮೂರರಲ್ಲೂ ಬೇರೆ ಬೇರೆ ಮೊದಲ ಬಹುಮಾನ. ತಮ್ಮ ಹೆಸರಿನ ಕೆಳಗೆ ಸಾಲುಸಾಲು ಸರಿ ಗುರುತು, ಉಳಿದಿಬ್ಬರ ಕೆಳಗೆ ಸಾಲುಸಾಲು ತಪ್ಪು ಗುರುತು. ಅದನ್ನೆಲ್ಲ ಮಡಚಿ ಕಿಟಕಿ ಅಲ್ಲಾಡದ ಹಾಗೆ ಸಂದಿಗೆ ಸಿಕ್ಕಿಸಿದೆ. ಬೂಟನ್ನು ನಾವು ಕಪಾಟಿನಲ್ಲಿಟ್ಟು ಆರಿಸುತ್ತೇವೆಯೇ? ಹಾಕಿಕೊಂಡು ನಡೆದು ನೋಡುತ್ತೇವೆ. ಇವುಗಳನ್ನೂ ನಡೆಸಿ ನೋಡುವುದು ಎಂದು ತೀರ್ಮಾನಿಸಿದೆ.

ಹತ್ತು ಕಾರ್ಡು ಬೇಕಿತ್ತು. ಗಿರಾಕಿಗಳ ಕಾರ್ಡನ್ನು ಪರೀಕ್ಷೆಗೆ ಇಡುವ ಹಕ್ಕು ನನಗಿಲ್ಲ, ಹಾಗಾಗಿ ಒಂಬತ್ತನ್ನು ಅಪ್ಪನ ಧಾಟಿಯಲ್ಲೇ ನಾನೇ ಕಟ್ಟಿದೆ. ಆದರೆ ಕಟ್ಟಿದ್ದು ಕಟ್ಟಿದ್ದೇ. ಒಂದಾದರೂ ನಿಜವಾದ್ದು ಇರಬೇಕು ಅನ್ನಿಸಿತು. ನಾನು ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದಾದ ನಿಜವಾದ ಕಾರ್ಡು ಒಂದೇ ಒಂದು, ನನ್ನದು.

ಹೌದು, ನನಗೂ ಒಂದು ಕಾರ್ಡಿದೆ. ಒಂಬತ್ತನೇ ವಯಸ್ಸಿನಲ್ಲಿ ಗೋಡೆಯಿಂದ ಬಿದ್ದೆ, ಬಲಗಾಲು ಮುರಿಯಿತು, ಆಮೇಲೆ ಅದು ಎಡಗಾಲಿನಷ್ಟು ಬೆಳೆಯಲಿಲ್ಲ. ರಜಾದಿನ ಕಾರ್ಖಾನೆ ಮುಚ್ಚಿರುವಾಗ ಅಪ್ಪ ನನ್ನ ಬೂಟು ಮಾಡುತ್ತಿದ್ದ, ಅವನ ನಂತರ ಮಾವ ಮಾಡುತ್ತಾರೆ. ಕೆಳಗಿನ ಹನ್ನೊಂದು ಜನರಲ್ಲಿ ಮಾವನನ್ನು ಬಿಟ್ಟರೆ ಒಬ್ಬರಿಗೂ ಗೊತ್ತಿಲ್ಲ. ಬೂಟು ಮಾಡುವವರ ಮಧ್ಯೆ ಕಾಲು ಬಚ್ಚಿಡುವುದು ತಮಾಷೆಯ ಮಾತಲ್ಲ. ಉದ್ದನೆ ಲಂಗ, ಮೇಲಿನ ಆಫೀಸು, ಎಲ್ಲರಿಗಿಂತ ಮೊದಲೇ ಬಂದು ಎಲ್ಲರಿಗಿಂತ ಕಡೆಯಲ್ಲಿ ಹೊರಡುವುದು, ಇವೆಲ್ಲ ಅದರ ಏರ್ಪಾಡು. ಬಂದ ಗಿರಾಕಿಗಳಿಗೆ ‘ಇದಕ್ಕೇಕೆ ನಾಚಿಕೆ’ ಎಂದು ದಿನಕ್ಕೆ ಹತ್ತು ಸಲ ಹೇಳುವವಳು ನಾನೇ. ಆದರೆ ನನಗೆ ನಾಚಿಕೆ, ಅಷ್ಟೇ.

ನನ್ನ ಕಾರ್ಡು ಕಪಾಟಿನಲ್ಲಿರಲಿಲ್ಲ, ಆದ್ದರಿಂದ ಕಂಪ್ಯೂಟರಿಗೂ ಹೋಗಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಾವ ತಮ್ಮ ಉಪಕರಣದ ಪೆಟ್ಟಿಗೆಯ ತಳದಿಂದ ಅದನ್ನು ತೆಗೆದುಕೊಟ್ಟರು. ಅಪ್ಪನ ಕೈಬರಹ. ಅಲ್ಲಿಯವರೆಗೆ ನಾನು ಅದನ್ನು ಓದಿಯೇ ಇರಲಿಲ್ಲ.

‘ಗುಡುಗು. ಬಲಗಾಲು ಒಂದಿಂಚು ಗಿಡ್ಡ. ಎತ್ತರ ಒಳಗಿನಿಂದ ಕೊಡಬೇಕು, ಹೊರಗೆ ಕಾಣಬಾರದು. ಮೆಟ್ಟಿಲಿಳಿಯುವಾಗ ಜೋರಾಗಿ ಮಾತಾಡುತ್ತಾಳೆ, ಎರಡು ಹೆಜ್ಜೆಯ ಸದ್ದು ಬೇರೆ ಬೇರೆ ಕೇಳಿಸಬಾರದು ಅಂತ. ಬಲಗಡೆ ಅಟ್ಟೆಗೆ ಮೆತ್ತನೆ ಚರ್ಮ ಹಾಕಿ.’

ಆ ಮೆಟ್ಟಿಲ ಬಳಿಯೇ ಕೂತು ಅತ್ತುಬಿಟ್ಟೆ. ಜೋರಾಗಿ ಮಾತಾಡುವ ಉಪಾಯ ನನ್ನೊಬ್ಬಳದೇ ಗುಟ್ಟು ಅಂದುಕೊಂಡಿದ್ದೆ. ಅಪ್ಪ ಕೇಳಿಸಿಕೊಂಡಿದ್ದ, ಒಂದು ಮಾತೂ ಆಡಿರಲಿಲ್ಲ, ಸುಮ್ಮನೆ ಅಟ್ಟೆ ಬದಲಾಯಿಸಿದ್ದ.

ಮಂಗಳವಾರ ಪರೀಕ್ಷೆ. ಹತ್ತು ಕಾರ್ಡುಗಳನ್ನು ಮೊದಲನೆಯದಕ್ಕೆ ಕೊಟ್ಟೆ. ಎಂಟು ಸೆಕೆಂಡಿನಲ್ಲಿ ಉತ್ತರ ಬಂತು: ಖಾಸಗಿ ಮಾಹಿತಿ ಸೊನ್ನೆ, ಹಸಿರು ಗುರುತು. ಹೆಸರಿಲ್ಲ, ಫೋನ್ ನಂಬರಿಲ್ಲ, ಹುಟ್ಟಿದ ದಿನಾಂಕವಿಲ್ಲ, ಆದ್ದರಿಂದ ಏನೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೊಂದು ವರ್ಷ ಜೋಪಾನ ಮಾಡಿದ್ದನ್ನು ಒಂದು ಯಂತ್ರ ನೋಡಿ ‘ಇಲ್ಲೇನೂ ಇಲ್ಲ’ ಎಂದಿತಲ್ಲ! ಸೋಮವಾರದ ಸೊನ್ನೆಯ ಅರ್ಥ ಈಗ ಸರಿಯಾಗಿ ತಲೆಗೆ ಹೋಯಿತು. ಸಾವಿರದ ಎಂಟುನೂರ ಮೂವತ್ತಾರು ಜನರ ಬಗ್ಗೆಯೂ ಅದು ಹೀಗೇ ಹೇಳಿತ್ತು.

ಎರಡನೆಯದಕ್ಕೆ ನಾನಿಟ್ಟ ಹೆಸರು ‘ಗಾಬರಿ’. ಅದೇ ಹತ್ತು ಕಾರ್ಡಿಗೆ ನೂರ ಮೂವತ್ತೇಳು ಎಚ್ಚರಿಕೆ ಕೊಟ್ಟಿತು. ನಲವತ್ತೆರಡು ಎಂಬ ಅಳತೆಯನ್ನು ಮನೆ ನಂಬರು ಅಂದುಕೊಂಡಿತು. ‘ಹಿಮ್ಮಡಿ’ಯನ್ನು ಊರಿನ ಹೆಸರು ಮಾಡಿತು. ಮಾವ ಒಂದು ಹೆಬ್ಬೆರಳಿನಿಂದ ನಿಧಾನವಾಗಿ ಪಾಸ್‌ವರ್ಡ್ ಒತ್ತುತ್ತಿದ್ದಾಗ ಅನುಮಾನಾಸ್ಪದ ವರ್ತನೆ ಎಂದು ಅವರನ್ನು ಹೊರಗೆ ಹಾಕಿ, ಇಡೀ ಕಾರ್ಖಾನೆಗೆ ಬೀಗ ಜಡಿಯಿತು. “ಇದು ನನ್ನ ಬೀಗತಿ ಇದ್ದ ಹಾಗಿದೆ, ನೆರಳು ಕಂಡರೂ ಕೂಗುತ್ತೆ,” ಎಂದರು ಮಾವ. ಎಲ್ಲದಕ್ಕೂ ಕೂಗುವುದನ್ನು ಎರಡು ದಿನವಾದ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಮೂರನೆಯದು ನೋಡಲು ಸಪ್ಪೆ. ಬಣ್ಣವಿಲ್ಲ, ಬೆಡಗಿಲ್ಲ. ಹತ್ತು ಕಾರ್ಡು ಓದಿ ಅದು ಸೊನ್ನೆ ಎನ್ನಲಿಲ್ಲ, ನೂರು ಎನ್ನಲಿಲ್ಲ, ಒಂದು ಪ್ರಶ್ನೆ ಕೇಳಿತು: ‘ನಿಮ್ಮಲ್ಲಿ ಒಬ್ಬ ವ್ಯಕ್ತಿಯನ್ನು ಗುರುತಿಸಲು ಯಾವ ಪದಗಳನ್ನು ಬಳಸುತ್ತೀರಿ?’

ಕುರ್ಚಿಯಿಂದ ಎದ್ದು ನಿಂತೆ. ಇದು ಕೇಳುತ್ತಿದೆ! ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು ಕೇಳುತ್ತಿದೆ. ನನಗೆ ಅಷ್ಟು ಸಾಕಾಗಿತ್ತು, ಇದೇ ಎಂದು ಆಗಲೇ ನಿರ್ಧರಿಸಿದೆ.

ಆದರೆ ಆ ಖುಷಿಯಲ್ಲಿ ನಾವು ಮಾಡಿದ ಮಣ್ಣು ತಿನ್ನುವ ಕೆಲಸವನ್ನೂ ಹೇಳಿಬಿಡಬೇಕು. ಬುಧವಾರ ಬೆಳಿಗ್ಗೆ ಅಣ್ಣನನ್ನು ಎಳೆದು ಕೂರಿಸಿಕೊಂಡು ಪಟ್ಟಿ ಮಾಡತೊಡಗಿದೆ. ಎಡಗಡೆ ಅಡ್ಡಹೆಸರು, ಬಲಗಡೆ ನಿಜವಾದ ಹೆಸರು. ಅಣ್ಣ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಇಬ್ಬರೂ ನೆನಪಿನ ಶಕ್ತಿಯ ಬಗ್ಗೆ ಒಬ್ಬರನ್ನೊಬ್ಬರು ಹೊಗಳಿಕೊಂಡೆವು. ನಲವತ್ತು ಹೆಸರಾಗಿರಬಹುದು, ಮಾವ ಅಂಟಿನ ಡಬ್ಬಿ ಹಿಡಿದು ಮೇಲೆ ಬಂದವರು ಹಾಳೆಯನ್ನು ನೋಡಿ ಅಲ್ಲೇ ನಿಂತರು.

“ಇಷ್ಟು ವರ್ಷ ಯಾವ ಕಳ್ಳನಿಗೂ ಸಿಗದ್ದನ್ನ ಒಂದೇ ಹಾಳೇಲಿ ಬರೆದಿಟ್ರಲ್ಲ. ಇನ್ನು ಬಾಗಿಲಿಗೆ ತಗಲಿಹಾಕಿದ್ರೆ ಅವನಿಗೆ ಮೆಟ್ಟಿಲು ಹತ್ತೋ ಕೆಲಸಾನೂ ತಪ್ಪುತ್ತೆ.”

ನಾನೂ ಅಣ್ಣನೂ ಬೆಪ್ಪಾಗಿ ಮುಖ ನೋಡಿಕೊಂಡೆವು. ಮಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಟಿನ ಡಬ್ಬಿಯೊಳಗೆ ಅದ್ದಿ, ಚೆನ್ನಾಗಿ ತಿರುವಿ, ಏನೂ ಆಗಿಲ್ಲವೆಂಬಂತೆ ಕೆಳಗೆ ಹೋದರು. ಭದ್ರತೆಯ ಬಗ್ಗೆ ಮುನ್ನೂರು ಪುಟ ಓದಿದವಳು ನಾನು!

ಮೂರನೆಯ ಕಂಪನಿಗೆ ಫೋನ್ ಮಾಡಿ, ಹೆಸರಿನ ಪಟ್ಟಿ ಕೊಡದೆ ಆ ಪ್ರಶ್ನೆಗೆ ಉತ್ತರಿಸುವುದು ಹೇಗೆ ಎಂದು ಕೇಳಿದೆ. ಆ ಕಡೆಯ ಹುಡುಗಿ “ನಂಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ,” ಅಂದಳು. ಎಲ್ಲರೂ ಹಾಗೆ ಹೇಳಿ ಮಾಯವಾಗುತ್ತಾರೆ, ಇವಳು ಅರ್ಧ ಗಂಟೆಯಲ್ಲಿ ತಾನೇ ಫೋನ್ ಮಾಡಿದಳು. “ಪಟ್ಟಿ ಕೊಡಲೇಬೇಡಿ. ಅಡ್ಡಹೆಸರು, ನಡಿಗೆ, ಈ ಎರಡು ಜಾಗದಲ್ಲಿ ಏನೇ ಇದ್ದರೂ ಖಾಸಗಿ ಅಂತ ಗುರುತು ಮಾಡಿ. ವೈದ್ಯರಿಗೆ ಅಳತೆ ಮಾತ್ರ ಕಾಣುತ್ತೆ. ಬೇರೆ ಯಾರು ತೆರೆದ್ರೂ ನಿಮಗೆ ಸುದ್ದಿ ಬರುತ್ತೆ.” ಮಾಡಿದೆ. ವರದಿ ಬಂತು. ವ್ಯಕ್ತಿಯನ್ನು ಗುರುತಿಸಬಹುದಾದ ದಾಖಲೆಗಳು: 1,836. ತಪಾಸಣೆ: ಪೂರ್ಣವಾಗಿಲ್ಲ. ಅಳತೆಯ ಜಾಗದಲ್ಲೂ ಅಪ್ಪ ಅಲ್ಲಲ್ಲಿ ಏನಾದರೂ ಗೀಚಿದ್ದ, ಒಂದೊಂದನ್ನೂ ಕಣ್ಣಿಂದಲೇ ನೋಡಬೇಕು. ಕಡಿಮೆ ಅಂದರೂ ಮೂರು ವಾರ.

ಗುರುವಾರ ಅಣ್ಣನಿಗೂ ನನಗೂ ದೊಡ್ಡ ಜಗಳವೇ ಆಯಿತು.

“ಒಂದು ಕಡೆ ಸೊನ್ನೆ, ಪೂರ್ಣ. ಇನ್ನೊಂದು ಕಡೆ ಸಾವಿರದ ಎಂಟುನೂರು ತೊಂದರೆ, ಅದೂ ಅಪೂರ್ಣ. ಅವರು ಯಾವುದನ್ನ ತಗೋತಾರೆ, ನೀನೇ ಹೇಳು. ಆರು ಜನರನ್ನ ಮನೆಗೆ ಕಳಿಸೋದಾದ್ರೆ ಆ ಮಾತನ್ನ ನೀನೇ ಹೋಗಿ ಹೇಳ್ತೀಯಾ?”

“ಹೇಳ್ತೀನಿ. ಆದ್ರೆ ಹೇಳೋ ಪ್ರಸಂಗ ಬರಲ್ಲ. ಎರಡು ವರದಿನೂ ಮೇಜಿನ ಮೇಲಿಡೋಣ, ಮಾತು ನಂಗೆ ಬಿಡು.”

“ಮಾತನ್ನ ನಿನ್ನಿಂದ ಯಾವತ್ತು ಕಸ್ಕೊಂಡಿದೀನಿ?” ಎಂದ ಅಣ್ಣ, ಮುಖ ಹುಳ್ಳಗೆ ಮಾಡಿಕೊಂಡು. ಧೈರ್ಯವಾಗಿ ಹೇಳಿದೆನೇ ಹೊರತು ಕೆಳಗೆ ಬಗ್ಗಿ ಕೆಲಸ ಮಾಡುತ್ತಿದ್ದ ಹನ್ನೊಂದು ತಲೆಗಳನ್ನು ನೋಡಿ, ಅವುಗಳಲ್ಲಿ ಯಾವ ಆರು ಎಂದು ನಾನೂ ಎಣಿಸತೊಡಗಿದ್ದೆ.

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಆಸ್ಪತ್ರೆಯ ಮಾಹಿತಿ ಅಧಿಕಾರಿ ಬಂದರು. ನನ್ನದೇ ವಯಸ್ಸಿನ ಹೆಂಗಸು, ಗಿಡ್ಡ ಕೂದಲು, ಕೈಯಲ್ಲೊಂದು ಫೈಲು. ಕೆಲಸ ನಡೆಯುವ ಜಾಗದಲ್ಲೇ ಕೂತು ನೋಡುತ್ತೇನೆಂದರು. ನಮ್ಮ ಕೆಲಸದವರು ಚರ್ಮ ಕತ್ತರಿಸುವ ಮೇಜನ್ನು ಒರೆಸಿ ಕುರ್ಚಿ ಹಾಕಿದರು. ನಾನು ಎಂದಿನಂತೆ “ಬನ್ನಿ ಬನ್ನಿ ಮೇಡಂ, ದಾರಿ ಸುಲಭವಾಗಿ ಸಿಕ್ತಾ, ಬಿಸಿಲು ಜಾಸ್ತಿ ಇತ್ತಾ,” ಎಂದು ಇಡೀ ಕೋಣೆಗೆ ಕೇಳುವ ಹಾಗೆ ಮಾತಾಡುತ್ತ ಮೆಟ್ಟಿಲಿಳಿದೆ. ಇಸ್ತ್ರಿಯೂ ಹಾಜರಿದ್ದ, ಅಣ್ಣ ಕರೆಸಿದ್ದ.

ಅಧಿಕಾರಿ ಎರಡೂ ವರದಿಗಳನ್ನು ಓದಿದರು. ಓದಿ, ಸೊನ್ನೆಯದನ್ನು ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಇದು ಪೂರ್ಣವಾಗಿದೆಯಲ್ಲ. ಇನ್ನೊಂದು ಯಾಕೆ ಕೊಟ್ರಿ?”

“ಪೂರ್ಣವಾಗಿದೆ ಮೇಡಂ, ಆದ್ರೆ ಸರಿಯಾಗಿಲ್ಲ,” ಅಂದೆ.

“ನಮ್ಮ ಸಾಫ್ಟ್‌ವೇರ್ ನೂರಾರು ಕಡೆ...” ಎಂದು ಇಸ್ತ್ರಿ ಬಾಯಿ ಹಾಕಿದ. ಅಧಿಕಾರಿ ಕೈಯೆತ್ತಿ ಅವನನ್ನು ನಿಲ್ಲಿಸಿದರು.

“ನೋಡಿ, ನಿಯಮದ ಪ್ರಕಾರ ಅಪೂರ್ಣ ವರದಿ ನಾನು ತಗೊಳೋ ಹಾಗಿಲ್ಲ. ಪೂರ್ಣವಾದದ್ದು ತಪ್ಪು ಅಂತ ಇಲ್ಲೇ, ಈಗಲೇ ತೋರಿಸಿದ್ರೆ ಬೇರೆ ಮಾತು. ನಿಮ್ಮ ಕಾರ್ಡಲ್ಲಿ ಹೆಸರಿಲ್ಲ, ನಂಬರಿಲ್ಲ. ಯಾರದು ಅಂತ ಯಾರಿಗೆ ತಾನೇ ಗೊತ್ತಾಗುತ್ತೆ?”

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ತೋರಿಸಬೇಕು, ಆದರೆ ಯಾವುದನ್ನು ತೋರಿಸಲಿ? ನಾನು ಕಟ್ಟಿದ ಒಂಬತ್ತು ಕಾರ್ಡು ಯಾರದೂ ಅಲ್ಲ, ಅವುಗಳಿಂದ ಯಾರ ಗುರುತೂ ಸಿಗುವುದಿಲ್ಲ. ಗಿರಾಕಿಗಳದ್ದನ್ನು ಓದಿದರೆ ನಾನೇ ಕಳ್ಳಿ. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನಿಗೆ ಹೊಳೆದದ್ದು ನನಗೆ ಕಾಣಿಸಿತು, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದ. ಅವನು ನನ್ನ ಅಣ್ಣ, ಎಷ್ಟೇ ಜಗಳವಾಡಿದರೂ. ಕೆಲಸ ಹೋದರೆ ಹೋಗಲಿ ಎಂದೇ ತಲೆಯಾಡಿಸಿದ್ದ, ಅದು ನನಗೆ ಅರ್ಥವಾಯಿತು.

“ಮೇಡಂ, ನೀವು ಇಲ್ಲಿಗೆ ಮೊದಲ ಸಲ ಬಂದಿದ್ದು ಅಲ್ವಾ?”

“ಹೌದು.”

“ಬಂದು ಎಷ್ಟು ಹೊತ್ತಾಯ್ತು?”

“ಇಪ್ಪತ್ತು ನಿಮಿಷ ಆಗಿರಬಹುದು. ಯಾಕೆ?”

“ಒಂದು ಕಾರ್ಡು ಓದ್ತೀನಿ. ಇದನ್ನೂ ಈ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಸೊನ್ನೆ ಅಂದಿದೆ. ಯಾರದು ಅಂತ ನಿಮಗೆ ಗೊತ್ತಾಗುತ್ತಾ ನೋಡಿ. ಗೊತ್ತಾಗದಿದ್ರೆ ಸೊನ್ನೆಗೇ ಸಹಿ ಹಾಕಿ.”

ಕಾರ್ಡನ್ನು ಜೇಬಿನಿಂದ ತೆಗೆದೆ. ಬೆಳಿಗ್ಗೆ ಅದನ್ನು ಜೇಬಿಗೆ ಹಾಕಿಕೊಂಡಾಗ ಅಗತ್ಯ ಬರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. “‘ಗುಡುಗು,’” ಎಂದು ಓದಿದೆ. “‘ಬಲಗಾಲು ಒಂದಿಂಚು ಗಿಡ್ಡ. ಎತ್ತರ ಒಳಗಿನಿಂದ ಕೊಡಬೇಕು, ಹೊರಗೆ ಕಾಣಬಾರದು.’” ಒಂದು ಹೊಲಿಗೆ ಯಂತ್ರ ನಿಂತಿತು. “‘ಮೆಟ್ಟಿಲಿಳಿಯುವಾಗ ಜೋರಾಗಿ ಮಾತಾಡುತ್ತಾಳೆ, ಎರಡು ಹೆಜ್ಜೆಯ ಸದ್ದು ಬೇರೆ ಬೇರೆ ಕೇಳಿಸಬಾರದು ಅಂತ.’” ಉಳಿದವೂ ನಿಂತವು. ಹದಿನೆಂಟು ವರ್ಷದಿಂದ ನಮ್ಮಲ್ಲಿ ಹೊಲಿಯುತ್ತಿರುವ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಮಾವ ಮಾತ್ರ ತಲೆ ಎತ್ತದೆ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟರು.

ಅಧಿಕಾರಿ ಮೆಟ್ಟಿಲ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕಾಲಿನ ಕಡೆ ನೋಡದಿರಲು ಅವರು ಪಡುತ್ತಿದ್ದ ಕಷ್ಟ ಕಾಣುತ್ತಿತ್ತು, ಅದಕ್ಕೆ ನಾನು ಇವತ್ತಿಗೂ ಋಣಿ.

“ಹೇಳಲೇಬೇಕಾ?” ಎಂದರು ಮೆಲುದನಿಯಲ್ಲಿ.

“ಬೇಡ. ಇಪ್ಪತ್ತು ನಿಮಿಷ ಸಾಕಾಯ್ತಲ್ಲ ನಿಮಗೆ. ನಮ್ಮ ಗಿರಾಕಿಗಳ ಪಕ್ಕದ ಮನೆಯವರು ಅವರನ್ನ ಇಪ್ಪತ್ತು ವರ್ಷದಿಂದ ನೋಡ್ತಿರ್ತಾರೆ.”

ಇಸ್ತ್ರಿ ಗಂಟಲು ಸರಿಮಾಡಿಕೊಂಡ. “ಇದು ಒಂದು ವಿಶೇಷ ಸಂದರ್ಭ ಮೇಡಂ, ಸಾಮಾನ್ಯವಾಗಿ...”

“ಕೂತ್ಕೊಳ್ಳಿ,” ಎಂದರು ಅಧಿಕಾರಿ. ಅವನು ಕೂತ. ಮೊದಲ ಬಾರಿಗೆ ಅವನ ಅಂಗಿ ಸುಕ್ಕಾದದ್ದನ್ನು ಕಂಡೆ.

ಮಾವನದನ್ನು ಬಿಟ್ಟು ಇಪ್ಪತ್ತು ಕಣ್ಣು ನನ್ನ ಲಂಗದ ಅಂಚಿನ ಮೇಲಿವೆ ಎನ್ನುವುದು ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತು. ಓಡಿಹೋಗಬೇಕೆನ್ನಿಸಿತು, ಓಡಲಿಲ್ಲ. ಸತ್ತುಹೋಗುತ್ತೇನೆಂದುಕೊಂಡಿದ್ದ ಘಳಿಗೆ ಬಂದು ಹೋಗಿತ್ತು, ನಾನು ಅಲ್ಲೇ ನಿಂತಿದ್ದೆ. ಅದೂ ಗೆದ್ದು ನಿಂತಿದ್ದೆ.

ಅಧಿಕಾರಿ ಸೊನ್ನೆಯ ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು. ಮೂರನೆಯದರ ಮೇಲೆ, ‘ಪೂರ್ಣವಾಗಿಲ್ಲ’ ಎಂಬಲ್ಲಿಯೇ, ‘ಮೂರು ವಾರ ಕಾಲಾವಕಾಶ ಕೊಟ್ಟಿದೆ, ಅಂಗೀಕರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಅಣ್ಣ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಕೆಲಸ ಸಿಕ್ಕಿತು, ಹನ್ನೊಂದು ಜನರೂ ಉಳಿದರು. ಯಾರೋ ಚಪ್ಪಾಳೆ ತಟ್ಟಲು ಹೊರಟವರು ಅಧಿಕಾರಿಯ ಮುಖ ನೋಡಿ ಸುಮ್ಮನಾದರು.

ಅವರು ಪೆನ್ನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

“ನಮ್ಮಪ್ಪ ಮೇಷ್ಟ್ರಾಗಿದ್ರು,” ಎಂದರು ನನ್ನನ್ನೇ ನೋಡುತ್ತ. “ಈ ಊರಲ್ಲಿ ಅರ್ಧ ಜನಕ್ಕೆ ಪಾಠ ಹೇಳಿದಾರೆ. ಈಗ ನಮ್ಮ ಆಸ್ಪತ್ರೆಯಲ್ಲೇ ಮಲಗಿದಾರೆ. ನರ್ಸುಗಳು ತಮ್ಮ ಟಿಪ್ಪಣಿಯಲ್ಲಿ ಯಾರ ಹೆಸರನ್ನೂ ಬರೆಯಲ್ಲ, ಅವರನ್ನ ‘ಅಳೋ ಮೇಷ್ಟ್ರು’ ಅಂತ ಬರ್ಕೊಂಡಿರ್ತಾರೆ. ನಾನೂ ನೋಡಿದೀನಿ. ಪ್ರೀತಿಯಿಂದ ಬರೆದಿರೋದು ಅಂತ ಸುಮ್ಮನಿದ್ದೆ.”

ನಾನು ಅಪ್ಪನ ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

“ಆ ಮೂರನೇ ಕಂಪನಿಯವರ ಫೋನ್ ನಂಬರ್ ಕೊಡಿ,” ಎಂದು ಅವರು ಫೈಲು ಮುಚ್ಚಿ ಇಸ್ತ್ರಿಯ ಕಡೆ ಕೈ ತೋರಿಸಿದರು. “ಹೋದ ತಿಂಗಳು ಇವರ ಸಾಫ್ಟ್‌ವೇರೇ ನಮ್ಮ ನರ್ಸುಗಳ ಟಿಪ್ಪಣಿಗಳನ್ನೂ ತಪಾಸಣೆ ಮಾಡಿತ್ತು. ನಮ್ಮದೂ ಸೊನ್ನೆ ಬಂದಿತ್ತು. ಅದಕ್ಕೆ ಸಹಿ ಹಾಕಿದ್ದು ನಾನೇ.”